ಹಸಿರು ಬಿನ್ ಮೇಲಿನ ಒಪೆರಾ

ಏಪ್ರಿಲ್ ಎಂದು ಬರೆದೆ, ಹೊಡೆದುಹಾಕಿದೆ. ಮೇ ಇರಬಹುದು. ಮೊದಲ ಲಾಕ್‌ಡೌನ್ ಎಂಬುದಷ್ಟೇ ಖಾತ್ರಿ. ಐರ್ಲೆಂಡಿನ ಲೂಕನ್‌ನಲ್ಲಿ ನಮ್ಮ ಬೀದಿಯ ಕಾರುಗಳೆಲ್ಲ ಮನೆಮುಂದೆ ಧೂಳು ಹಿಡಿದು ನಿಂತಿದ್ದವು, ಗೋಡೆಯೊಳಗಿಂದ ಹಾಡು ಬರುತ್ತಿತ್ತು. ನಮ್ಮದೂ ಪಕ್ಕದವರದೂ ಒಂದೇ ಗೋಡೆಗೆ ಅಂಟಿಕೊಂಡ ಜೋಡಿ ಮನೆ. ನಾವು ಒಗ್ಗರಣೆಗೆ ಸಾಸಿವೆ ಹಾಕಿದರೆ ಅವರಿಗೆ ಕೇಳುತ್ತದೆ. ಅವರು ಸ್ವರ ಎತ್ತಿದರೆ ನಮ್ಮ ಸ್ಟೀಲ್ ಲೋಟಕ್ಕೆ ಗೊತ್ತಾಗುತ್ತದೆ.

ಪಕ್ಕದವರು ಎಂದರೆ ಚೆಕ್ ದೇಶದಿಂದ ಬಂದ ಒಬ್ಬ ಮಹಿಳೆ. ಅರವತ್ತರ ಆಸುಪಾಸು, ಕೂದಲು ಕತ್ತರಿಸುವ ಕೆಲಸ, ಈಗ ಸಲೂನ್ ಬಂದ್. ಬಿಡುವಿನ ವೇಳೆಯಲ್ಲಿ ಒಂದು ಹವ್ಯಾಸಿ ಒಪೆರಾ ತಂಡದ ಕೋರಸ್‌ನಲ್ಲಿ ಹಾಡುತ್ತಿದ್ದರು, ಯಾವಾಗಲೂ ಹಿಂದಿನ ಸಾಲು. ಆ ವರ್ಷ ತಂಡದವರು ಅವರದೇ ನಾಡಿನ, ಹತ್ತೊಂಬತ್ತನೇ ಶತಮಾನದ ಒಂದು ನಗೆ ಒಪೆರಾ ಆರಿಸಿಕೊಂಡಿದ್ದರು. ಹಾಗಾಗಿ ಮೊದಲ ಬಾರಿಗೆ ಇವರಿಗೆ ಒಂಟಿಯಾಗಿ ಹಾಡಲು ಒಂದು ಸಾಲು ಸಿಕ್ಕಿತ್ತು. ಒಂದೇ ಸಾಲು. ಅಷ್ಟರಲ್ಲಿ ಹಾಲ್‌ಗೆ ಬೀಗ ಬಿತ್ತು.

ಇದನ್ನು ಅವರು ಬೇಲಿಯ ಆಚೆ ಬಟ್ಟೆ ಒಣಹಾಕುತ್ತಾ ಹೇಳಿದರು. ಹೇಳಿದ್ದು ಇಂಗ್ಲಿಷಿನಲ್ಲಿ; ನನ್ನ ನೆನಪು ಅದನ್ನು ಕನ್ನಡದಲ್ಲೇ ಇಟ್ಟುಕೊಂಡಿದೆ, ಏನು ಮಾಡಲಿ.

"ಮುಂದಿನ ವರ್ಷ ಮಾಡ್ತಾರೆ ಬಿಡಿ," ಅಂದೆ.

"ಮುಂದಿನ ವರ್ಷ ಆ ಸಾಲಿನ ಮೇಲಿನ ಸ್ವರ ನನ್ನ ಹತ್ರ ಇರಲ್ಲ. ಈಗಲೇ ಅದು ನನ್ನ ಗಂಟಲಲ್ಲಿ ಬಾಡಿಗೆಗಿದೆ."

ಅದೇ ಬೇಲಿಯಲ್ಲಿ ಅವರ ನಾಡಿನ ಹಿಂದಿನ ಕಾಲದ ಸಂಗೀತಗಾರರೂ ಅವರ ಮಾತಿನಲ್ಲೇ ಒಬ್ಬೊಬ್ಬರಾಗಿ ಪರಿಚಯವಾದರು. ಕಿವಿ ಪೂರ್ತಿ ಹೋದ ಮೇಲೂ ಒಪೆರಾ ಬರೆದವನು ಒಬ್ಬ. ಅವನು ಬೆಳೆದದ್ದು ಜರ್ಮನ್ ಮಾತಾಡಿಕೊಂಡು, ಚೆಕ್ ಸರಿಯಾಗಿ ಕಲಿತದ್ದು ದೊಡ್ಡವನಾದ ಮೇಲೆ. ಇನ್ನೊಬ್ಬ ಮಾಂಸದಂಗಡಿಯವರ ಮಗ, ರೈಲಿನ ಹುಚ್ಚ. ತಮ್ಮ ಭಾಷೆಯಲ್ಲಿ ಹಾಡಲು ಜನರೇ ಚಂದಾ ಎತ್ತಿ ಥಿಯೇಟರ್ ಕಟ್ಟಿದರಂತೆ. ತೆರೆದ ಬೆನ್ನಿಗೇ ಅದು ಸುಟ್ಟುಹೋಯಿತಂತೆ, ಮತ್ತೆ ಕಟ್ಟಿದರಂತೆ. ನೆನಪು ಇದೆಲ್ಲವನ್ನೂ ಒಂದೇ ಮಧ್ಯಾಹ್ನದೊಳಗೆ ಮಡಚಿಟ್ಟಿದೆ. ನಂಬಬೇಡಿ, ಅದು ಹಲವು ದಿನಗಳ ಬಟ್ಟೆ.

ಒಪೆರಾದ ಕಥೆ ಕೇಳಿದ ನನ್ನ ಹೆಂಡತಿ, "ಹುಡುಗಿಗೆ ಒಬ್ಬ ಇಷ್ಟ, ಅಪ್ಪ ಅಮ್ಮ ಇನ್ನೊಬ್ಬನಿಗೆ ಮಾತು ಕೊಟ್ಟವ್ರೆ, ಮಧ್ಯೆ ಬ್ರೋಕರ್. ಇದು ನಮ್ಮ ಚಿಕ್ಕಮ್ಮನ ಮನೆ ಕಥೆ ಕಣ್ರೀ," ಅಂದಳು. ಆಮೇಲೆ ಬೇಲಿಯ ಹತ್ತಿರ ಹೋಗಿ, "ನಿಮ್ಮ ಸಾಲು ಹಾಡೋಕೆ ಏನು ಬೇಕು?" ಎಂದು ಕೇಳಿದಳು.

"ಕೋರಸ್ ಬೇಕು. ಅವರು ಹಾಡಿನಲ್ಲೇ ಪ್ರಶ್ನೆ ಕೇಳ್ತಾರೆ, ನಾನು ಉತ್ತರ ಕೊಡ್ತೀನಿ. ಯಾರೂ ಕೇಳದೆ ಉತ್ತರ ಹೇಗೆ ಕೊಡ್ಲಿ?"

ಹೀಗೆ ನಾವು ಕೋರಸ್ ಆದೆವು. ಮಗಳೂ ಸೇರಿ ನಮ್ಮ ಮನೆಯ ಮೂವರು, ಎದುರು ಮನೆಯ ಮೈಸೂರಿನ ಡಾಕ್ಟರು, ಅವರ ಹೆಂಡತಿ. ಆಕೆ ಚಿಕ್ಕಂದಿನಲ್ಲಿ ಸಂಗೀತ ಕಲಿತವರು, ಆದ್ದರಿಂದ ನಮ್ಮ ನಾಯಕಿ. ಅಭ್ಯಾಸವೆಲ್ಲ ವೀಡಿಯೋ ಕಾಲ್‌ನಲ್ಲಿ. ಧ್ವನಿಗಳು ಒಂದರ ಹಿಂದೆ ಒಂದು ಬಿದ್ದು ಗಲಾಟೆಯಾಗುತ್ತಿದ್ದರಿಂದ ಪಕ್ಕದವರೊಬ್ಬರೇ ಮೈಕ್ ಹಾಕಿಕೊಂಡು ಹಾಡುವರು, ನಾವು ಮ್ಯೂಟ್ ಮಾಡಿಕೊಂಡು ಬಾಯಿ ಆಡಿಸುವೆವು. ಕೊನೆಗೆ ಅವರು, "ಚೆನ್ನಾಗಿ ಕಾಣ್ತಿದೆ," ಎನ್ನುವರು. ಅಪಾಯ ಅಲ್ಲೇ ಇತ್ತು.

ಹಾಡುವ ದಿನ ಎಲ್ಲರೂ ಅವರವರ ಬಾಗಿಲಲ್ಲಿ ನಿಂತೆವು. ಪಕ್ಕದವರು ಕೆಂಪು ಶಾಲು ಹೊದ್ದು ಬಂದು, ಸ್ಪೀಕರನ್ನು ಕಸದ ಹಸಿರು ಬಿನ್ ಮೇಲಿಟ್ಟು, ತಂಡದವರು ಕಳಿಸಿದ್ದ ಪಿಯಾನೋ ರೆಕಾರ್ಡಿಂಗ್ ಹಾಕಿದರು. ನನ್ನ ನೆನಪಿನಲ್ಲಿ ಬಿಸಿಲಿದೆ, ಹೆಂಡತಿಯ ನೆನಪಿನಲ್ಲಿ ತುಂತುರು ಮಳೆ. ಐರ್ಲೆಂಡಿನಲ್ಲಿ ಇಬ್ಬರೂ ಸರಿ ಇರಬಹುದು.

ಪಿಯಾನೋ ಸೂಚನೆ ಕೊಟ್ಟಿತು. ನಾವು ನಮ್ಮ ಸಾಲು ಹಾಡಿದೆವು. ಹಾಡಿ, ಯಾರ ಅಪ್ಪಣೆಗೂ ಕಾಯದೆ, ಅದನ್ನೇ ಇನ್ನೊಮ್ಮೆ ಎತ್ತಿಕೊಂಡೆವು. ಪಲ್ಲವಿಯನ್ನು ಒಂದೇ ಸಲ ಹಾಡಿ ಬಿಡುವುದು ನಮಗೆ ಯಾರಿಗೂ ಗೊತ್ತಿಲ್ಲ. ಮ್ಯೂಟ್‌ನಲ್ಲಿ ಪ್ರತಿ ಮನೆಯೂ ಹಾಗೇ ಅಭ್ಯಾಸ ಮಾಡಿತ್ತು. ಡಾಕ್ಟರ ಹೆಂಡತಿ ಎರಡನೆಯ ಸಲಕ್ಕೆ ಒಂದು ಗಮಕವನ್ನೂ ಸೇರಿಸಿದರು. ಪಕ್ಕದವರ ಬಾಯಿ ತೆರೆಯಿತು, ಮುಚ್ಚಿತು. ನಾವು ಮುಗಿಸುವಷ್ಟರಲ್ಲಿ ಪಿಯಾನೋ ಅವರ ಸಾಲನ್ನು ದಾಟಿ ಮುಂದೆ ಹೋಗಿಯಾಗಿತ್ತು.

ಅವರು ನಡೆದು ಹೋಗಿ ಸ್ಪೀಕರ್ ಆಫ್ ಮಾಡಿದರು.

"ವಿ ರೂಯಿನ್ಡ್ ಇಟ್, ಅಪ್ಪಾ," ಅಂದಳು ಮಗಳು, ಅಚ್ಚ ಐರಿಶ್ ಧಾಟಿಯಲ್ಲಿ.

"ಎರಡು ಸಲ ಯಾಕೆ?" ಪಕ್ಕದವರು ರಸ್ತೆಯಾಚೆಯವರನ್ನು ಕೇಳಿದರು. ದನಿ ಸಣ್ಣದಾಗಿತ್ತು.

ಡಾಕ್ಟರ ಹೆಂಡತಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. "ಮೊದಲನೇ ಸಲ ಗಂಟಲಿಗೆ, ಎರಡನೇ ಸಲ ಹಾಡಿಗೆ. ನಮ್ಮಲ್ಲಿ ಹಂಗೇ."

ಪಕ್ಕದವರು ಶಾಲು ಸರಿಮಾಡಿಕೊಂಡರು. ಸ್ಪೀಕರನ್ನು ಎತ್ತಿ ಮೆಟ್ಟಿಲ ಮೇಲಿಟ್ಟರು. "ಹಾಗಾದ್ರೆ ನನಗೂ ಎರಡು. ಪಿಯಾನೋ ಬೇಡ."

"ಗ್ರ್ಯಾಂಡ್," ಅಂದರು ಡಾಕ್ಟರು, ಇಲ್ಲಿಯವರು ‘ಸರಿ’ ಅನ್ನುವ ಹಾಗೆ, ತೊಡೆ ತಟ್ಟಿ ತಾಳ ಶುರುಮಾಡುತ್ತಾ.

ನಾವು ನಮ್ಮ ಸಾಲು ಹಾಡಿ ಕೇಳಿದೆವು, ಎರಡು ಸಲ. ಅವರು ಉತ್ತರ ಕೊಟ್ಟರು. ಮೊದಲ ಸಲ ಮೇಲಿನ ಸ್ವರದ ಬಳಿ ದನಿ ಒಡೆಯಿತು. ಮತ್ತೆ ಎತ್ತಿಕೊಂಡಾಗ ಅದು ಏರಿ, ಅಲ್ಲೇ ಕೂತಿತು, ಇಳಿಯುವ ಅವಸರವಿಲ್ಲದೆ.

ಅವರು ಮೂರು ಸಲ ಹಾಡಿದರು ಎನ್ನುತ್ತಾಳೆ ಹೆಂಡತಿ. ಇರಬಹುದು. ನಾನು ಎಣಿಸಲಿಲ್ಲ, ತಾಳ ಹಾಕುತ್ತಿದ್ದೆ.