ಗೇಟಿನಲ್ಲಿ ಹೇಳಿಸಿದ ಹೆಸರು

ಇದನ್ನು ಬರೆಯಬೇಕೆಂದು ಮೂರು ಸಲ ಕೂತು, ಮೂರು ಸಲವೂ ಬೇರೆ ಏನೋ ಬರೆದು ಎದ್ದಿದ್ದೇನೆ. ಜೈಲಿನ ಅಡುಗೆಮನೆಯ ಸುದ್ದಿ, ಗೋಡೆ ಹಾರಿದವನು ಸಂತೆಯಲ್ಲಿ ಸಿಕ್ಕಿಬಿದ್ದ ಸುದ್ದಿ, ಇವನ್ನೆಲ್ಲ ಮನೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಇದನ್ನು ಹೇಳಿಲ್ಲ.

ನಾನು ಬಬ್ಬೂರಿನವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಎಪ್ಪತ್ತರ ದಶಕದ ಮೊದಲಲ್ಲಿ ಜೈಲು ವಾರ್ಡರ್ ಆದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ ಎಲ್ಲ ಕಡೆ ಇದ್ದೆ. ಇದು ನಡೆದದ್ದು ಯಾವ ಊರಲ್ಲಿ ಎಂದು ಬರೆಯುವುದಿಲ್ಲ. ತಪ್ಪು ಊರಿನದಲ್ಲ.

ವಾರಕ್ಕೊಂದು ದಿನ ಭೇಟಿ. ಗೇಟಿನ ಪಕ್ಕ ಮೇಜು ಹಾಕಿಕೊಂಡು, ಯಾರು ಯಾರನ್ನು ನೋಡಲು ಬಂದಿದ್ದಾರೆ ಎಂದು ರಿಜಿಸ್ಟರಿನಲ್ಲಿ ಬರೆದು ಒಳಗೆ ಬಿಡುವುದು ನನ್ನ ಕೆಲಸ. ಗಂಡನನ್ನು ನೋಡಲು ಬಂದ ಹೆಂಗಸರು ಅವನ ಹೆಸರು ಹೇಳುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನ ತಾಯಿಯೂ ಹೇಳಿದವಳಲ್ಲ, ಹೆಂಡತಿಯೂ ಅಲ್ಲ. ಜೊತೆಗೆ ಬಂದ ಅಣ್ಣನೋ ಮಾವನೋ ಹೇಳುತ್ತಿದ್ದರು. ಯಾರೂ ಇಲ್ಲದಿದ್ದರೆ ಊರು, ಕೇಸು ಕೇಳಿ ನಾವೇ ಬರೆದುಕೊಳ್ಳುತ್ತಿದ್ದೆವು.

ಒಂದು ದಿನ ಒಬ್ಬಳೇ ಬಂದವಳು ಹಾಲುರಾಮೇಶ್ವರದ ಕಡೆಯ ಕುರುಬರ ಹಟ್ಟಿಯವಳು. ಇಪ್ಪತ್ತು ದಾಟಿರಲಿಕ್ಕಿಲ್ಲ. “ಕುರಿ ಮೇಸೋ ಜಾಗದ ಜಗಳದ ಕೇಸು ಸ್ವಾಮಿ” ಎಂದಳು. ಒಳಗೆ ಅಂಥವನಿದ್ದದ್ದು ಒಬ್ಬನೇ. ಅವನ ಹೆಸರು ನನಗೆ ಗೊತ್ತಿತ್ತು.

“ಹೆಸ್ರು?” ಎಂದೆ.

“ನಮ್ಮ ಮನೆದೇವ್ರ ಹೆಸ್ರೇ ಸ್ವಾಮಿ.”

“ಮನೆದೇವ್ರನ್ನ ಯಾವ ಪೊಲೀಸ್ನೋರೂ ಹಿಡ್ಕಂಡು ಬಂದಿಲ್ಲ. ಹೆಸ್ರು ಹೇಳಮ್ಮ.”

ಸಾಲಿನಲ್ಲಿ ನಿಂತವರು ನಕ್ಕರು. ಆ ನಗು ನನಗೆ ಹಿಡಿಸಿತು.

“ಮದುವ್ಯಾಗೆ ಗಂಡನ ಹೆಸ್ರು ಒಗಟು ಕಟ್ಟಿ ಹೇಳ್ಲಿಲ್ಲೇನು? ಹಂಗೇ ಹೇಳು, ನಾವೂ ಕೇಳ್ತೀವಿ.”

“ಬ್ಯಾಡ ಸ್ವಾಮಿ, ಅವ್ರಿಗೆ ಒಳ್ಳೇದಾಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ.”

ಒಳಗಿನಿಂದ ಹಿರಿಯ ಹೆಡ್ ವಾರ್ಡರ್, “ಬರ್ಕಳಲೇ, ಗೊತ್ತೈತಲ್ಲ ನಿಂಗೆ” ಎಂದರು.

“ರೂಲ್ಸು ಅಂದ್ರೆ ರೂಲ್ಸು ಅಣ್ಣ” ಎಂದೆ. ಅಂಥ ರೂಲ್ಸು ಇರಲಿಲ್ಲ.

ಅವಳು ಪಕ್ಕಕ್ಕೆ ಸರಿದು ನಿಂತಳು. ಹಿಂದಿನವರೆಲ್ಲ ಒಳಗೆ ಹೋಗಿ ಬಂದರು. ನಾನು ಗಡಿಯಾರ ನೋಡಿ, ಇನ್ನು ಹತ್ತು ನಿಮಿಷಕ್ಕೆ ಭೇಟಿ ಮುಗೀತದೆ ಎಂದೆ. ಆಗ ಮೇಜಿನ ಹತ್ತಿರ ಬಂದು, ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಸೆರಗು ಹಿಡಿದು ಹೇಳಿದಳು.

“ಕೇಳಿಸ್ಲಿಲ್ಲ” ಎಂದೆ.

ಇನ್ನೊಂದು ಸಲ ಹೇಳಿದಳು, ಗೇಟಿನ ಹತ್ತಿರ ಇನ್ನೂ ನಿಂತಿದ್ದವರಿಗೆಲ್ಲ ಕೇಳುವಂತೆ. ಈ ಸಲ ಯಾರೂ ನಗಲಿಲ್ಲ.

ಜಾಲರಿಯ ಆಚೆಯಿಂದ ಅವಳ ಗಂಡ ಕುರಿಮರಿಗಳನ್ನು ವಿಚಾರಿಸಿದ, ತಾಯಿಯ ಮೊಣಕಾಲು ನೋವು ವಿಚಾರಿಸಿದ. ನಾನು ಪಕ್ಕದಲ್ಲೇ ಕಾವಲಿದ್ದೆ. ಅವಳು ಯಾವುದಕ್ಕೂ ಉತ್ತರ ಕೊಡದೆ, “ನಿಮ್ಮ ಹೆಸ್ರು ಹೇಳಿಬಿಟ್ಟೆ. ಹೇಳಿಸಿದ್ರು” ಎಂದಳು.

ಅವನು ನಕ್ಕ. “ಅಯ್ಯೋ ಹುಚ್ಚಿ, ಕೋರ್ಟ್ನಾಗೆ ಮೂರ್ಮೂರು ಸಲ ಕೂಗ್ತಾರೆ. ಹೆಸ್ರು ಹೇಳಿದ್ರೆ ಸಾಯಂಗಿದ್ರೆ ಯಾವಾಗ್ಲೋ ಹೋಗ್ತಿದ್ದೆ.”

ಅವಳು ನಗಲಿಲ್ಲ.

ಮಳೆಗಾಲ ಮುಗಿಯುವ ಮೊದಲು ಅವನಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ತೀರಿಕೊಂಡ.

ಅವನ ಕಂಬಳಿ, ಬಟ್ಟೆ ಒಯ್ಯಲು ಅವಳು ಅಣ್ಣನ ಜೊತೆ ಬಂದಳು. ಮೇಜಿನಲ್ಲಿ ನಾನೇ ಇದ್ದೆ. ದೂರದಿಂದ ಕಂಡಾಗಲೇ ರಿಜಿಸ್ಟರಿನಲ್ಲಿ ಹೆಸರು ಬರೆದಿಟ್ಟಿದ್ದೆ. ಏನೂ ಕೇಳಲಿಲ್ಲ. ಅವಳು ಎದುರು ನಿಂತು, ನನ್ನನ್ನೇ ನೋಡುತ್ತ, ತಾನಾಗಿ ಗಂಡನ ಹೆಸರು ಹೇಳಿದಳು. ಸೆರಗು ಬಾಯಿಗೆ ಹೋಗಲಿಲ್ಲ.

“ಹೆಬ್ಬೆಟ್ಟು ಒತ್ತಮ್ಮ” ಎಂದೆ. ಒತ್ತಿದಳು. ಬೆರಳಿನ ಮಸಿಯನ್ನು ಆ ಕಂಬಳಿಗೇ ಒರೆಸಿ, ಮಡಚಿ ಹೆಗಲಿಗೆ ಹಾಕಿಕೊಂಡಳು. “ಹೋಗಾಣ ಬಾರವ್ವ” ಎಂದ ಅಣ್ಣ.

ಕಾಮಾಲೆಯಿಂದ ಸತ್ತ ಎಂದು ಡಾಕ್ಟರು ಬರೆದಿದ್ದರು. ಅದೇ ನಿಜ. ಆದರೆ ಇಷ್ಟು ವರ್ಷ ಅವಳು ಅದನ್ನು ನಂಬಿರಲಾರಳು.

ಹೋದ ವರ್ಷ ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ, ಚೀಟಿ ಬರೆಯುವ ಹುಡುಗಿ “ಗಂಡನ ಹೆಸರು?” ಎಂದಳು. ಎಪ್ಪತ್ತರ ನನ್ನ ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಮುಂದೆ ಹೋಗಿ ನಾನೇ ಹೇಳಿದೆ. ಅರ್ಧ ನಿಮಿಷದ ಕೆಲಸ.

ನಿವೃತ್ತಿಯಾದ ಮೇಲೆ ಎರಡು ಸಲ ಹಾಲುರಾಮೇಶ್ವರದವರೆಗೆ ಹೋಗಿದ್ದೇನೆ. ಹಟ್ಟಿ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಎರಡು ಸಲವೂ ಅಲ್ಲಿನ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿ, ಬಂದ ಬಸ್ಸಿಗೇ ಹತ್ತಿ ವಾಪಸಾದೆ. ದೇವರ ಹತ್ತಿರ ನನಗೆ ಕೆಲಸವಿರಲಿಲ್ಲ. ಕ್ಷಮೆ ಕೇಳಬೇಕಿದ್ದದ್ದು ಅವಳನ್ನು, ರಿಜಿಸ್ಟರಿನಲ್ಲಿ ‘ಹೆಂಡತಿ’ ಎಂದಷ್ಟೇ ನಾನು ಬರೆದುಕೊಂಡ, ಆ ಹಟ್ಟಿಯ ಹೆಣ್ಣುಮಗಳನ್ನು.