ಜಗಲಿಯ ಮೇಲಿಟ್ಟ ಲಕೋಟೆ

ಅಂಚೆ ಕಚೇರಿಯಲ್ಲಿ ಒಬ್ಬರು ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ಹನಿಹನಿಯಾಗಿ ಪಾರ್ಸಲ್ಲಿನ ಮೇಲೆ ಬೀಳಿಸಿ ಮುದ್ರೆ ಒತ್ತುತ್ತಿದ್ದರು. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೈಲಹೊಂಗಲದ ನಮ್ಮ ಹಳೆಯ ಓಣಿಯಲ್ಲಿ, ಅಯ್ಯನವರ ದೇವರ ಜಗಲಿಯ ಮುಂದೆ ಹೋಗಿ ನಿಂತಿದ್ದೆ. ನನ್ನ ಪಕ್ಕದಲ್ಲೇ ಅಯ್ಯನವರ ಮಗಳು ತನ್ನ ಮಗಳ ಲಗ್ನಪತ್ರಿಕೆಗಳ ಕಟ್ಟು ಹಿಡಿದು ಸರದಿಯಲ್ಲಿ ನಿಂತಿದ್ದಳು. ಪತ್ರಿಕೆ ಹಂಚಲು ನಮ್ಮ ಊರಿಗೆ ಬಂದವಳು, ದೂರದ ಊರಿನವರಿಗೆ ಅಂಚೆಯಲ್ಲಿ ಕಳಿಸಬೇಕು, ಜೊತೆಗೆ ಬಾ ಅಂತ ಓಣಿಯ ನಂಟಿನ ಅತ್ತಿಗೆಯಾದ ನನ್ನನ್ನು ಕರೆತಂದಿದ್ದಳು.

"ವೈನಿ, ಅಪ್ಪನ ನೆನಪಾತ ನೋಡ," ಅಂದಳು.

ನನಗೂ ಆಗಿತ್ತು...

ಅಯ್ಯನವರು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ಅವರ ಹಿರಿಯರದು ಪೂಜೆ, ಪುರಾಣ. ಇವರದು ಸರಕಾರಿ ಕಾರಕೂನಿಕೆ. ನಿವೃತ್ತಿಯಾದ ಮೇಲೆ ಎರಡನ್ನೂ ಕೂಡಿಸಿ ತಮ್ಮದೇ ಒಂದು ಪದ್ಧತಿ ಹುಟ್ಟಿಸಿದ್ದರು. ಟೆಂಡರು ಹಾಕುವವರು ಕಾಗದಪತ್ರ ತಂದರೆ ಕನ್ನಡಕ ಏರಿಸಿ ಒಂದೊಂದಾಗಿ ನೋಡಿಕೊಡುವರು. ಆಮೇಲೆ ಲಕೋಟೆಯನ್ನು ಬಾಯಿ ಅಂಟಿಸದೆ, ಒಂದು ರಾತ್ರಿ ಅವರ ದೇವರಮನೆಯ ಜಗಲಿಯ ಮೇಲೆ ದೇವರ ಮುಂದೆ ಇಡಬೇಕು. ಬೆಳಿಗ್ಗೆ ಪೂಜೆ ಮುಗಿಸಿ, ಲಕೋಟೆಗೆ ಮೂರು ಬೆರಳಿನ ವಿಭೂತಿ ಎಳೆದು, ಅದಾದ ಮೇಲೆಯೇ ಅರಗಿನ ಮುದ್ರೆ.

"ದೇವರು ಒಳಗ ನೋಡಬೇಕಲ್ಲ? ಮೊದಲ ಬಾಯಿ ಮುಚ್ಚಿದ್ರ ಅಂವಾ ಹೆಂಗ ನೋಡತಾನು?" ಅನ್ನುತ್ತಿದ್ದರು.

ಗಟಾರ ಕಟ್ಟುವವರು, ಶಾಲೆಗೆ ಸುಣ್ಣ-ಬಣ್ಣ ಹಚ್ಚುವವರು, ಸವದತ್ತಿ ಕಡೆಯಿಂದ ಬರುತ್ತಿದ್ದ ಬೆಂಚು ಮಾಡುವ ಸಾಬರು... ಎಲ್ಲರೂ ಲಕೋಟೆ ತಂದು ಆ ಜಗಲಿಯ ಮೇಲಿಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ಒಂದು ಕಪ್ ಚಹಾ ಬಿಟ್ಟರೆ ಅಯ್ಯನವರು ಯಾರ ಹತ್ತಿರವೂ ಏನೂ ಮುಟ್ಟಿದವರಲ್ಲ.

ನಾನು ಸಂಪಗಾಂವದಿಂದ ಆ ಓಣಿಗೆ ಸೊಸೆಯಾಗಿ ಬಂದಾಗ ನನ್ನ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. "ಮಗಳ" ಅಂತ ಕರೆದ ಮೊದಲಿಗರು ಅಯ್ಯನವರು. ನನ್ನ ಅಕ್ಷರ ನೋಡಿ, "ಏನವಾ, ಜೋಳದ ಕಾಳು ಪೋಣಿಸಿದಂಗ ಬರೀತಿಯಲ್ಲ!" ಅಂದಿದ್ದರು. ಆ ಮಾತಿಗೆ ನಾನು ಎಷ್ಟು ದಿನ ಹಿಗ್ಗಿದ್ದೆನೋ.

ನಮ್ಮ ಅತ್ತಿ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಕಿತ್ತೂರ ಕಡೆಯ ಸರಕಾರಿ ಹಾಸ್ಟೆಲ್ಲಿಗೆ ರೊಟ್ಟಿ ಪೂರೈಸುವ ಟೆಂಡರು ಬಂತು. ಅದೊಂದು ಸಿಕ್ಕರೆ ವರ್ಷಪೂರ್ತಿ ಕೈತುಂಬ ಕೆಲಸ; ನಾಲ್ಕಾರು ಹೆಂಗಸರು ಇನ್ನೊಬ್ಬರ ಹೊಲಕ್ಕೆ ಕಳೆ ಕೀಳಲು ಹೋಗುವುದು ತಪ್ಪುತ್ತಿತ್ತು. ಅತ್ತಿ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿ, ಸಾಲಾಗಿ ಒಲೆ ಹೂಡಿಸಿಯೇಬಿಟ್ಟಳು. ಪುರಸಭೆಯ ಪರವಾನಿಗೆ ಪತ್ರಕ್ಕಾಗಿ ಅಲೆದವಳು ನಾನು.

ಅಯ್ಯನವರು ಕಾಗದಗಳನ್ನೆಲ್ಲ ನೋಡಿ "ಪಕ್ಕಾ ಐತಿ" ಅಂದರು. ನಾನು ಅವನ್ನು ಮನೆಗೆ ಒಯ್ದು, ಅತ್ತಿಯ ಸಹಿ ಮಾಡಿಸಿ, ನನ್ನ ಕೈಯಾರೆ ಲಕೋಟೆಯೊಳಗೆ ಇಟ್ಟೆ. ಪರವಾನಿಗೆ ಪತ್ರ ಎಲ್ಲಕ್ಕಿಂತ ಮೇಲೆ. ಅದರ ಮೂಲೆಗೆ ಅತ್ತಿಯ ಬೆರಳಿನ ಹಿಟ್ಟು ಹತ್ತಿ, ನಾನು ಸೆರಗಿನಿಂದ ಒರೆಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ಸಂಜೆ ಲಕೋಟೆಯನ್ನು ಜಗಲಿಯ ಮೇಲಿಟ್ಟು ಕೈಮುಗಿದು ಬಂದೆ. ಬೆಳಿಗ್ಗೆ ಅಯ್ಯನವರು ಮುದ್ರೆ ಒತ್ತಿ ಕೊಟ್ಟದ್ದನ್ನು ಹಾಗೆಯೇ ಕಚೇರಿಗೆ ಮುಟ್ಟಿಸಿದೆ.

ಟೆಂಡರು ತೆರೆಯುವ ದಿನ ನಾನೂ ಅತ್ತಿಯೂ ಹೊಸ ಸೀರೆ ಉಟ್ಟು ಹೋಗಿದ್ದೆವು. ಸಾಹೇಬರು ಎಲ್ಲರೆದುರಿಗೆ ನಮ್ಮ ಮುದ್ರೆ ಒಡೆದು, ಕಾಗದ ಮಗುಚಿ ಮಗುಚಿ ನೋಡಿ, "ಪರವಾನಿಗೆ ಪತ್ರ ಇಲ್ಲ. ಇದು ನಡೆಯೂದಿಲ್ರಿ" ಅಂದರು. ನಮ್ಮ ದರ ಓದುವ ಪ್ರಸಂಗವೇ ಬರಲಿಲ್ಲ. ಟೆಂಡರು ರಾಮದುರ್ಗದ ಒಬ್ಬ ವ್ಯಾಪಾರಿಗೆ ಹೋಯಿತು. ಅವರು ಅಯ್ಯನವರ ಬೀಗರು, ಮಗಳ ಮಾವ. ಅತ್ತಿ ಆ ಸಂಕಟದಲ್ಲೂ "ಹೋಗಲಿ, ನಮ್ಮವರಿಗೆ ಸಿಕ್ಕಂಗಾತು" ಅಂದಳು.

ಮನೆಗೆ ಬಂದು ಟ್ರಂಕು, ಹಾಸಿಗೆ, ಹಿಟ್ಟಿನ ಡಬ್ಬಿಯ ತನಕ ಹುಡುಕಿದೆ. ಪತ್ರ ಸಿಗಲಿಲ್ಲ. "ರೊಟ್ಟಿ ಒಲಿಗೆ ಹಾಕಿರಬೇಕ ಬಿಡ, ಭಾಳ ಶಾಣ್ಯಾಕಿ!" ಅಂತ ಓಣಿಯಲ್ಲಿ ನಕ್ಕರು. ಮತ್ತೆ ಕಳೆಗೆ ಹೊರಟ ಹೆಂಗಸರು ನಗಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ನನಗೇ ನನ್ನ ಮೇಲೆ ಸಂಶಯ ಹುಟ್ಟಿತು. ಒಲೆ ಆರಿಸಿದೆನೋ ಇಲ್ಲವೋ, ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಅಂತ ಹಿಂದಿರುಗಿ ಹಿಂದಿರುಗಿ ನೋಡುವಂತಾಯಿತು. ಆಗ ನನ್ನ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವರು ಒಬ್ಬರೇ, ಅಯ್ಯನವರು.

"ಮರವು ಯಾರಿಗಿಲ್ಲ ಮಗಳ? ಮನಸ್ಸಿಗೆ ಹಚ್ಚಿಕೋಬ್ಯಾಡ," ಅಂದರು. ಆ ಕೈ ಹಿಡಿದು ನಾನು ಅತ್ತಿದ್ದೆ...

ಮುಂದೆ ಅವರ ಮಗಳು ಬಸುರಿಯಾಗಿ, ತವರಿನಲ್ಲೇ ಸೀಮಂತ ಮಾಡಿ ಕುಬಸದ ಊಟ ಇಟ್ಟರು. ರೊಟ್ಟಿ ನಮ್ಮ ಮನೆಯದೇ. ಅತ್ತಿ ರೊಟ್ಟಿ ಬಡಿಸುತ್ತಿದ್ದಳು, ಹಿಂದಿನಿಂದ ನಾನು ಎಣ್ಣಿಗಾಯಿ. ರಾಮದುರ್ಗದ ಬೀಗರು ಬಾಯಿ ತುಂಬ ಮಾತಾಡುವ ಮನುಷ್ಯ.

"ಏನ್ರಿ ಬೀಗರ, ವ್ಯಾಪಾರ ಜೋರ ಐತೆಂತಲ್ಲ?" ಅಂತ ಪಂಕ್ತಿಯಲ್ಲಿ ಯಾರೋ ಕೆಣಕಿದರು.

"ನಂದೇನೈತ್ರಿ, ಎಲ್ಲಾ ನಮ್ಮ ಅಯ್ಯಾರ ಜಗಲಿ ಪುಣ್ಯಾ!" ಅಂದ ಬೀಗರು ಅಯ್ಯನವರ ತೊಡೆ ತಟ್ಟಿದರು. "ಹಾಸ್ಟೆಲ್ ಟೆಂಡರಿನಾಗ ಅಲ್ಲೆ ಒಂದು ಹಾಳಿ ಕಮ್ಮಿ ಆತು, ಇಲ್ಲೆ ನಮಗ ಪ್ರಸಾದ ಬಂತು!"

ಉಳಿದವರು ತಿಳಿಯದೆಯೇ ನಕ್ಕರು. ಅಯ್ಯನವರು ನಗಲಿಲ್ಲ. ತುತ್ತು ಹಿಡಿದ ಕೈ ಎಲೆಯ ಮೇಲೇ ನಿಂತಿತ್ತು. ತಲೆ ಎತ್ತಿದರೆ ಎದುರಿಗೆ ಅತ್ತಿ. ಅವಳು ಒಂದು ಗಳಿಗೆ ನಿಂತು, "ಇನ್ನೊಂದು ರೊಟ್ಟಿ ಹಾಕಲೇನ್ರಿ ಅಯ್ಯಾರ?" ಅಂದಳು. ಅವರು ಅಡ್ಡ ಕೈ ಹಿಡಿಯಲಿಲ್ಲ, ಬೇಕೆನ್ನಲೂ ಇಲ್ಲ. ಅತ್ತಿ ಹಾಕಿ ಮುಂದಕ್ಕೆ ನಡೆದಳು.

ಹಿತ್ತಲಿಗೆ ಬಂದು ನಾನು ಕೂಗಾಡಿದೆ. ಅತ್ತಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಒಳಗ ಆ ಹುಡುಗಿ ಹಸರ ಸೀರಿ ಉಟ್ಟ ಕುಂತೈತಿ. ಅದಕೇನ ಗೊತ್ತೈತಿ ಪಾಪ? ಅದರ ಮುಂದ ಒಂದ ಮಾತೂ ಬ್ಯಾಡ."

ಹುಡುಗಿಯ ಮುಂದೆ ನಾನು ಹೇಳಲಿಲ್ಲ. ಅಯ್ಯನವರ ಹತ್ತಿರ ಮಾತ್ರ ಹೋದೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಜಗಲಿಯ ಮುಂದೆ ಒಬ್ಬರೇ ಕೂತಿದ್ದರು.

"ಅಯ್ಯಾರ, ಹಾಸ್ಟೆಲ್ ಹೋತು, ಹೋಗಲ್ರಿ. ನಾ ಮರತಿಲ್ಲ ಅಂತ ಓಣ್ಯಾಗ ಒಂದ ಮಾತ ಹೇಳ್ರಿ. ಯಾಕ, ಏನು, ಯಾವುದೂ ಬ್ಯಾಡ. ಅಷ್ಟ ಸಾಕು."

ಅವರು ದೀಪದ ಬತ್ತಿ ಸರಿಮಾಡತೊಡಗಿದರು. ಮಗಳು ಆ ಮನೆಯಲ್ಲಿ ಬಾಳಬೇಕು, ಬೀಗರು ಹಟದ ಮನುಷ್ಯ, ಇವರಿಗೂ ಏನು ಕಷ್ಟವಿತ್ತೋ... ನಾನೇ ಅವರ ಪರವಾಗಿ ಮನಸ್ಸಿನಲ್ಲಿ ಕಾರಣ ಹುಡುಕುತ್ತ ನಿಂತಿದ್ದೆ. ಕೊನೆಗೆ ವಿಭೂತಿಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು "ಹೇಳತೇನಿ ಮಗಳ," ಅಂದರು.

ನಾನು ಕಾದೆ. ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕಿದರು. ಓಣಿಯ ಮಂದಿ ಕೂಡಿದಾಗಲೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಹೇಳಲಿಲ್ಲ. ನಮ್ಮ ಶೆಡ್ಡಿನ ಒಲೆಗಳಲ್ಲಿ ಬೆಕ್ಕು ಮರಿ ಹಾಕಿತು. ಅಯ್ಯನವರು ತೀರಿಕೊಂಡಾಗ ಓಣಿಗೆ ಓಣಿಯೇ ಅತ್ತಿತು, ನಾನೂ ಅತ್ತೆ. ಅತ್ತಿಯೂ ಹೋದಳು, ಬೀಗರೂ ಹೋದರು. ಹಾಗಾಗಿ ಅಂದು ನಾನು ಪತ್ರ ಮರೆತಿರಲಿಲ್ಲ ಎಂಬುದು ಈಗ ಗೊತ್ತಿರುವವಳು ನಾನೊಬ್ಬಳೇ.

ಅಂಚೆ ಕಚೇರಿಯಲ್ಲಿ ಸರದಿ ಮುಂದಕ್ಕೆ ಸರಿಯಿತು. ಅಯ್ಯನವರ ಮಗಳು ಚೀಲದಲ್ಲಿ ರೊಕ್ಕ ತಡಕಾಡುತ್ತಿದ್ದಳು. ಪತ್ರಿಕೆಗಳ ಕಟ್ಟು ಹಿಡಿದುಕೊಳ್ಳೋಣ ಅಂತ ನಾನು ಕೈ ಚಾಚಿದೆ. ಅವಳು ನಕ್ಕು ಕಟ್ಟನ್ನು ಎದೆಗೆ ಒತ್ತಿಕೊಂಡಳು.

"ಬ್ಯಾಡ ವೈನಿ, ನನ್ನ ಕೈಯಾಗ ಇರಲಿ. ನೀ ಎಲ್ಲೆರ ಮರತಿಟ್ಟೀದಿ! ಅಪ್ಪ ಕಡೀತನಕ ಅಂತಿದ್ದಾ, 'ಭಾಳ ಒಳ್ಳೇ ಹುಡುಗಿ, ಖರೆ ಪಾಪ, ಮರವ ಭಾಳ' ಅಂತ."

ಅರಗಿನ ವಾಸನೆ ಇನ್ನೂ ಇತ್ತು. ಅವಳ ಮುಖದಲ್ಲಿ ಪ್ರೀತಿ ಬಿಟ್ಟರೆ ಬೇರೇನಿರಲಿಲ್ಲ. ಮುಂದಿನ ವಾರ ಅವಳ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಲು ನಾನು ರಾಮದುರ್ಗಕ್ಕೆ ಹೋಗಬೇಕು.

"ಹೂನವಾ," ಅಂದೆ, "ನಿನ್ನ ಕೈಯಾಗ ಇರಲಿ."

ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.