ದೀಪದ ದಾರಿಯ ವೈರ್‌ಮನ್ ಪುಟ್ಟಸ್ವಾಮಿ

ಬೆಳಿಗ್ಗೆ ಆರು ಗಂಟೆ. ದೋಣಿಗಲ್ ಬಳಿಯ ಕಾಫಿ ಎಸ್ಟೇಟಿನ ಒಳದಾರಿಯಲ್ಲಿ ಪುಟ್ಟಸ್ವಾಮಿ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸುತ್ತಿದ್ದಾರೆ. ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡಿದ್ದಾರೆ, ಮಣಿಕಟ್ಟಿಗೆ ಬಳೆಯ ಹಾಗೆ ಟೇಪಿನ ಸುರುಳಿ ಏರಿಸಿಕೊಂಡಿದ್ದಾರೆ. ಕೊಂಬೆಗೆ ಸುತ್ತಿದ ದೀಪದ ಸೀರಿಯಲ್ ಸೆಟ್ಟಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ನಿನ್ನೆ ಕೋತಿಗಳು ಎಳೆದಾಡಿ ಒಂದು ಜಾಯಿಂಟ್ ಕಿತ್ತುಹಾಕಿವೆ. ಅದನ್ನು ಬಿಚ್ಚಿ, ಅಂಗಿಯ ತುದಿಯಲ್ಲಿ ಒರೆಸಿ, ಉಫ್ ಎಂದು ಊದಿ, ಮತ್ತೆ ಹೊಸೆದು ಟೇಪ್ ಸುತ್ತುತ್ತಾರೆ.

"ನೀರು ಕುಡ್ದ ಜಾಯಿಂಟ್ ಇದ್ರೆ ನಂಗೆ ನಿದ್ದೆ ಬರಕಿಲ್ಲ ಸಾರ್," ಎನ್ನುತ್ತಾರೆ ಏಣಿಯ ಮೇಲಿಂದಲೇ. "ಮಕ್ಳು ಕಾರಿನ ಕಿಟಕೀಲಿ ಕೈ ಈಚೆ ಹಾಕ್ತವೆ. ಹಾಕ್ಬ್ಯಾಡಿ ಅಂದ್ರೆ ಕೇಳ್ತಾವಾ? ನಾವೇ ಹುಷಾರಾಗಿರ್ಬೇಕು."

ನಾಲ್ಕು ವರ್ಷದಿಂದ ಪ್ರತಿ ಡಿಸೆಂಬರ್‌ನಲ್ಲಿ ಈ ಎಸ್ಟೇಟಿನವರು ತಮ್ಮ ಎರಡು ಕಿಲೋಮೀಟರ್ ಒಳದಾರಿಗೆ ಕ್ರಿಸ್‌ಮಸ್ ದೀಪ ಕಟ್ಟಿಸಿ ಜನರಿಗೆ ತೆರೆಯುತ್ತಾರೆ. ಯಾರೂ ವಾಹನದಿಂದ ಇಳಿಯುವಂತಿಲ್ಲ. ಹೆದ್ದಾರಿಯ ಗೇಟಿನಿಂದ ಒಳಬಂದು, ನಿಧಾನಕ್ಕೆ ಸಾಗುತ್ತ ನಕ್ಷತ್ರ, ಜಿಂಕೆ, ದೀಪದ ಸುರಂಗ, ಕೆಂಪು ಟೋಪಿಯ ಕ್ರಿಸ್‌ಮಸ್ ತಾತ ಎಲ್ಲವನ್ನೂ ನೋಡಿಕೊಂಡು ಕೆಳಗಿನ ಗೇಟಿನಿಂದ ಹೊರಹೋಗಬೇಕು. ಮುನ್ನೂರ ನಲವತ್ತು ಸರ, ನೂರಕ್ಕೂ ಹೆಚ್ಚು ಜಾಯಿಂಟ್. ದಿನಕ್ಕೆ ಹದಿನೈದಿಪ್ಪತ್ತು ಸರಗಳಾದರೂ ಸತ್ತಿರುತ್ತವೆ. ಅವನ್ನು ಹುಡುಕಿ ಸರಿಮಾಡಲು ಪುಟ್ಟಸ್ವಾಮಿ ದಿನಾ ಐವತ್ತು ಅರವತ್ತು ಸಲ ಏಣಿ ಹತ್ತಿಳಿಯುತ್ತಾರೆ.

ಇಲ್ಲಿ ಫೋಟೊ ತೆಗೆದುಕೊಳ್ಳುವ ಯಾರಿಗೂ ಅವರ ಹೆಸರು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಹೋದ ವಾರ ಮೂರು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದೆ. ದಾರಿಯಂಚಿನ ಕಾಫಿ ಗಿಡಗಳ ನಡುವೆ ನಿಂತಿದ್ದ ಒಬ್ಬ ಮನುಷ್ಯ ದೀಪಗಳ ಕಡೆ ನೋಡದೆ ನನ್ನ ಮಗನ ಮುಖವನ್ನೇ ನೋಡುತ್ತಿದ್ದರು. ಯಾಕೆ ಎಂದು ಕೇಳಿ ಪೇಪರಿಗೆ ಬರೆಯೋಣವೆಂದು ಮರಳಿ ಬಂದಿದ್ದೇನೆ.

ಪುಟ್ಟಸ್ವಾಮಿಯವರ ಊರು ಆಲೂರು ತಾಲ್ಲೂಕಿನ ಪಾಳ್ಯ. ವಯಸ್ಸು ಐವತ್ತಾರು. ಆಲೂರಿನ ರಿವೈಂಡಿಂಗ್ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವರು. ಈ ಎಸ್ಟೇಟಿಗೆ ವೈರ್‌ಮನ್ ಆಗಿ ಬಂದು ಇಪ್ಪತ್ತು ವರ್ಷವಾಯಿತು. ಹೆಂಡತಿ ಗಂಗಾಮಣಿ ಇಲ್ಲೇ ಕಾಫಿ ಹಣ್ಣು ಕೊಯ್ಯುತ್ತಾರೆ. ವಾಸ ಕೆಲಸಗಾರರ ಲೈನ್ ಮನೆಯಲ್ಲಿ. ಮಗಳು ಶೃತಿ, ಮೊಮ್ಮಗಳು ಕೃತಿಕಾ ಜೊತೆಗಿದ್ದಾರೆ. ಅಳಿಯ ಪ್ರವೀಣ್ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ.

ಕೃತಿಕಾಗೆ ಒಂದೂಕಾಲು ವರ್ಷವಾದಾಗ ಅವಳ ಎಡಗಣ್ಣು ಸಂಜೆಯ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುವುದನ್ನು ಮೊದಲು ಕಂಡದ್ದು ಅಜ್ಜಿ. "ಬೆಕ್ಕಿನ ಕಣ್ಣು ಹೊಳ್ದಂಗೆ ಹೊಳೀತಿತ್ತು. ಇವ್ರಿಗೆ ತೋರಿಸ್ದೆ," ಎನ್ನುತ್ತಾರೆ ಗಂಗಾಮಣಿ.

ಮುಂದಿನದನ್ನು ಪುಟ್ಟಸ್ವಾಮಿಯೇ ಹೇಳುತ್ತಾರೆ. "ವೈರ್‌ಮನ್ ಮೊಮ್ಮಗಳು ಕಣೇ, ಕಣ್ಣಲ್ಲೇ ಬಲ್ಬ್ ಇಟ್ಕೊಂಡು ಹುಟ್ಟೈತೆ ಅಂದ್ಬುಟ್ಟೆ ಸಾರ್. ನಗಾಡ್ಬುಟ್ಟೆ. ಲೈನ್ನೋರ್ನೆಲ್ಲ ಕರ್ದು ಕರ್ದು ತೋರಿಸ್ದೆ. ಹಿಂಗೇ ನಾಕು ತಿಂಗ್ಳು ಕಳ್ದೋಯ್ತು."

ನಾಲ್ಕು ತಿಂಗಳ ಮೇಲೆ ಚುಚ್ಚುಮದ್ದು ಹಾಕಲು ಬಂದ ನರ್ಸ್ ನೇತ್ರಾವತಿ ಮಗುವಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಅವರು ನಗಲಿಲ್ಲ. ನಾಳೆಯೇ ಹಾಸನಕ್ಕೆ ಹೊರಡಿ ಎಂದರು. ಹಾಸನದಿಂದ ಬೆಂಗಳೂರಿಗೆ ಕಳಿಸಿದರು. ಕಣ್ಣೊಳಗೆ ಕ್ಯಾನ್ಸರ್ ಗಡ್ಡೆ. ಎಡಗಣ್ಣನ್ನು ತೆಗೆದರು. ಬಲಗಣ್ಣಿನಲ್ಲೂ ಸಣ್ಣದೊಂದು ಇತ್ತು. ಅದನ್ನಾದರೂ ಉಳಿಸಿಕೊಳ್ಳೋಣವೆಂದು ಆರು ಸಲ ಔಷಧಿ ಏರಿಸಿದರು. ಪ್ರತಿ ಸಲವೂ ಶೃತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಎರಡು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ಡಾಕ್ಟರು, ಇನ್ನು ಕಾಯುವಂತಿಲ್ಲ, ಕಣ್ಣು ಉಳಿಸಲು ಹೋದರೆ ಜೀವ ಹೋಗುತ್ತದೆ ಎಂದರು. ಬಲಗಣ್ಣನ್ನೂ ತೆಗೆಯಲು ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿದರು. ಆಗ ಕೃತಿಕಾಗೆ ಎರಡು ವರ್ಷ ನಾಲ್ಕು ತಿಂಗಳು.

"ಏನೇನು ತೋರಿಸ್ಬೇಕೋ ತೋರಿಸ್ಕೊಳಿ ಅಂದ್ರು ಡಾಕ್ಟ್ರು. ಎಲ್ಡು ವರ್ಷದ ಮಗೀಗೆ ಏನಂತ ತೋರಿಸ್ಲಿ ಸಾರ್? ನಂಗೆ ಗೊತ್ತಿದ್ದಿದ್ದು ಇದೊಂದೇ."

ದೀಪ ಹತ್ತಿದ ಮೇಲೆ ಲೈನಿನವರೂ ಈ ದಾರಿಯಲ್ಲಿ ನಡೆದು ಬರುವಂತಿಲ್ಲ. ಎರಡು ವರ್ಷ ದೀಪ ಕಟ್ಟಿದ್ದ ಪುಟ್ಟಸ್ವಾಮಿ ಅದನ್ನು ಒಮ್ಮೆಯೂ ವಾಹನದಲ್ಲಿ ಕೂತು ನೋಡಿರಲಿಲ್ಲ. ಎಸ್ಟೇಟಿನ ಜೀಪ್ ಓಡಿಸುವ ನಟರಾಜ್, ಮ್ಯಾನೇಜರನ್ನು ಕೇಳಿ ಒಪ್ಪಿಸಿದರು. ಭಾನುವಾರ ಸಂಜೆ ಮನೆಯವರೆಲ್ಲ ಜೀಪಿನಲ್ಲಿ ಕೂತು ಹೆದ್ದಾರಿಯ ಸಾಲಿಗೆ ಸೇರಿದರು. ಮಗು ತಾತನ ತೊಡೆಯ ಮೇಲಿತ್ತು. ಮುಕ್ಕಾಲು ಗಂಟೆ ಕಾಯಬೇಕಾಯಿತು. ಮಗು ಬಿಸ್ಕತ್ತು ತಿಂದಿತು, ಅತ್ತಿತು, ಗೇಟು ದಾಟುವ ಹೊತ್ತಿಗೆ ತಾತನ ಎದೆಗೊರಗಿ ನಿದ್ದೆಹೋಯಿತು.

"ಎಬ್ಬುಸ್ರೀ," ಎಂದರು ಗಂಗಾಮಣಿ.

ಔಷಧಿಯಿಂದ ಬಳಲಿದ ಮಗು. ಪುಟ್ಟಸ್ವಾಮಿ ಕೆನ್ನೆ ತಟ್ಟಿದರು, ಹೆಸರು ಹಿಡಿದು ಕರೆದರು. ಅದು ಏಳಲಿಲ್ಲ. ನಕ್ಷತ್ರ ಹಿಂದೆ ಸರಿಯಿತು. ಜಿಂಕೆಗಳು ಸರಿದವು. ಸುರಂಗವೂ ಮುಗಿಯಿತು. ನಿಲ್ಲೋಣವೆಂದರೆ ಹಿಂದಿನ ಕಾರುಗಳು ಹಾರ್ನ್ ಮಾಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಶೃತಿ ವೇಲನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಕೆಳಗಿನ ಗೇಟು ದಾಟಿದ ನಟರಾಜ್ ಲೈನ್ ಕಡೆಗೆ ತಿರುಗಿಸಲಿಲ್ಲ, ಮತ್ತೆ ಹೆದ್ದಾರಿಗೆ ಹತ್ತಿಸಿದರು. "ಇನ್ನೊಂದ್ ರೌಂಡ್ ಹೊಡೆಯಾನ ಬುಡು ಪುಟ್ಟಸ್ವಾಮಣ್ಣ. ಅದು ಏಳಗಂಟ ಸುತ್ತಾನ ಮಾರಾಯ," ಎಂದರು.

ಎರಡನೆಯ ಸಲ ಸಾಲಿನಲ್ಲೇ ಮಗು ಎದ್ದಿತು. ಆದರೆ ಮುನಿಸಿಕೊಂಡು ಎದ್ದಿತು. ನಕ್ಷತ್ರವನ್ನು ನೋಡಲಿಲ್ಲ. ಜಿಂಕೆ ಬಂದಾಗ ತಾತನ ಅಂಗಿಯಲ್ಲಿ ಮುಖ ಹುದುಗಿಸಿತು. ಆಮೇಲೆ ಮುಂದಿನ ಕಾರು ಬ್ರೇಕ್ ಹಾಕಿದಾಗ ಹಿಂದಿನ ದೀಪಗಳು ಕೆಂಪಗೆ ಹತ್ತಿಕೊಂಡವು. "ತಾತ, ಕೆಂಪು!" ಎಂದಿತು. ಮತ್ತೆ ಹತ್ತಿದಾಗ ಚಪ್ಪಾಳೆ ತಟ್ಟಿತು.

"ನಾನು ಕಟ್ಟಿದ್ದು ಮೂವತ್ತು ಸಾವ್ರ ಬಲ್ಬು. ಅದು ನೋಡಿದ್ದು ಯಾವನ್ದೋ ಕಾರಿನ ಬ್ರೇಕ್ ಲೈಟು," ಎಂದು ಪುಟ್ಟಸ್ವಾಮಿ ನಗುತ್ತಾರೆ. ನಗು ಬೇಗ ಆರಿಹೋಗುತ್ತದೆ. "ಸುರಂಗದೊಳ್ಗೆ ಮಾತ್ರ ಮ್ಯಾಕೆ ನೋಡ್ತು ಸಾರ್. ಬಾಯಿ ತಕ್ಕೊಂಡು, ಮಾತಿಲ್ದೆ. ಅದ್ರ ಕಣ್ಣೊಳ್ಗೆ ಹಸ್ರು, ನೀಲಿ, ಎಲ್ಲ ಕಾಣ್ತಿತ್ತು. ನಾನು ಲೈಟ್ ನೋಡ್ಲೇ ಇಲ್ಲ. ಅದ್ರ ಮಖಾನೇ ನೋಡ್ತಿದ್ದೆ. ಈಗ್ಲೂ ಅಷ್ಟೇಯ. ಯಾರ್ ಮಗ ಬಂದ್ರೂ ಮಖ ನೋಡ್ತಾ ನಿಂತ್ಬುಡ್ತೀನಿ. ನಿಮ್ ಹುಡ್ಗುನ್ನೂ ಹಂಗೇ ನೋಡಿದ್ದು. ತಪ್ಪು ತಿಳೀಬ್ಯಾಡಿ."

ಗುರುವಾರ ಆಪರೇಷನ್ ಆಯಿತು. ಜೀವ ಉಳಿಯಿತು. ಕೃತಿಕಾಗೆ ಈಗ ನಾಲ್ಕು ವರ್ಷ ದಾಟಿದೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ ಬರುತ್ತಾಳೆ. ನಾವು ಲೈನ್ ಮನೆಗೆ ಬಂದಾಗ ಜಗಲಿಯ ಮೇಲೆ ಕೂತು ಹಳೆಯ ಸರವೊಂದರ ಬಲ್ಬುಗಳನ್ನು ಬೆರಳಲ್ಲಿ ಮುಟ್ಟಿ ಎಣಿಸುತ್ತಿದ್ದಳು. ಹನ್ನೊಂದರ ಮೇಲೆ ಅವಳಿಗೆ ಲೆಕ್ಕ ಬಾರದು, ಮತ್ತೆ ಒಂದರಿಂದ ಶುರು.

ಆ ಭಾನುವಾರ ಅವಳಿಗೆ ನೆನಪಿಲ್ಲ. ಒಮ್ಮೆ ಪುಟ್ಟಸ್ವಾಮಿ ಕೇಳಿದ್ದರಂತೆ, ಜೀಪಿನಲ್ಲಿ ಹೋಗಿದ್ದೆವಲ್ಲ, ಕೆಂಪು ಅಂದಿದ್ದೆಯಲ್ಲ ಎಂದು. "ಕೆಂಪು ಅಂದ್ರೆ ಏನ್ ತಾತ?" ಎಂದಳಂತೆ. "ಅವತ್ತಿಂದ ಕೇಳಾದ್ ಬುಟ್ಬುಟ್ಟೆ," ಎನ್ನುತ್ತಾರೆ.

ನಾಲ್ಕು ತಿಂಗಳ ಮಾತು ಅವರನ್ನು ಬಿಟ್ಟಿಲ್ಲ. ಮೊದಲೇ ಹೋಗಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದ್ದರಂತೆ. ಡಾಕ್ಟರು ಅವರ ಭುಜದ ಮೇಲೆ ಕೈಯಿಟ್ಟರಂತೆ. ಶೃತಿ ಮಾತ್ರ ಒಂದು ದಿನವೂ ಅಪ್ಪನನ್ನು ದೂರಿಲ್ಲ. "ಅದೇ ಕಷ್ಟ ಸಾರ್. ಒಂದ್ಸಲ ಬೈದಿದ್ರೆ ಚೆಂದಾಗಿತ್ತು."

ಮುಂದಿನ ಜೂನ್‌ಗೆ ಕೃತಿಕಾಳನ್ನು ಶಾಲೆಗೆ ಸೇರಿಸಬೇಕು. ಕಣ್ಣು ಕಾಣದ ಮಕ್ಕಳಿಗೆ ಬೆರಳಿನಿಂದ ಅಕ್ಷರ ಓದಲು ಕಲಿಸುವ ಶಾಲೆಯೊಂದು ಮೈಸೂರಿನ ಕಡೆ ಇದೆಯಂತೆ. ಹಾಸ್ಟೆಲಿನಲ್ಲಿ ಬಿಡಬೇಕು. ಬಿಡಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, ಬಿಡದೆ ವಿಧಿಯಿಲ್ಲ.

ಹೊರಡಲು ಎದ್ದಾಗ ಪುಟ್ಟಸ್ವಾಮಿ ಗೇಟಿನವರೆಗೆ ಬರುತ್ತಾರೆ. ಏನೋ ಹೇಳಲಿಕ್ಕಿದೆ, ಸಂಕೋಚ. ಕೊನೆಗೆ ಕೇಳುತ್ತಾರೆ: "ಪೇಪರ್‌ನಲ್ಲಿ ನನ್ ಫೋಟೋ ಹಾಕ್ದಿದ್ರೂ ಆಯ್ತದೆ ಸಾರ್. ಆ ಇಸ್ಕೂಲ್ಗೆ ಒಬ್ಬ ವೈರ್‌ಮನ್ ಬೇಕಾ ಅಂತ ಒಂದ್ ಮಾತು ಬರೀರಿ. ಮಕ್ಳಿಗೆ ಬ್ಯಾಡ್ದಿದ್ರೂ ಅಲ್ಲಿ ಮೇಷ್ಟ್ರುಗಳಿಗೆ ಲೈಟ್ ಬೇಕಾಯ್ತದಲ್ವಾ?"